ಬಾಣಂತಿ ಕೋಣೆಗೂ ದೇವರ ಮನೆಗೂ ಬೆಕ್ಕು ಹೋಗದಂತೆ ತಡೆಯುವುದು ಹೇಗೆ?

ಜಗಲಿಕಟ್ಟೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಗಂಡು ಬೆಕ್ಕೊಂದಿದೆ, ಹೆಸರು ಸಿದ್ದ. ಮರಿಯಾಗಿದ್ದಾಗ ಮಳೆಯಲ್ಲಿ ತೊಯ್ದು ನಮ್ಮ ಜಗಲಿಗೆ ಬಂದು ಸೇರಿಕೊಂಡವನು ಅಂದಿನಿಂದ ಮನೆಯವನೇ ಆಗಿದ್ದಾನೆ. ಸಂತಾನಹರಣ ಆಪರೇಷನ್ ಮಾಡಿಸಿದ್ದೇವೆ, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯನ್ನೂ ಹಾಕಿಸುತ್ತೇವೆ. ಇನ್ನು ಐದು ವಾರಗಳಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬರುತ್ತಾಳೆ. ಅವಳಿಗೆಂದು ನಾವು ಗೊತ್ತುಮಾಡಿರುವ ನಡುಮನೆಯ ಪಕ್ಕದ ಕೋಣೆಯೇ ಸಿದ್ದನಿಗೆ ಅತ್ಯಂತ ಪ್ರಿಯವಾದ ಜಾಗ. ಅಲ್ಲಿರುವ ಬೀರುವಿನ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ, ಅವನು ಹತ್ತು ಗಂಟೆಯವರೆಗೂ ಅಲ್ಲಿಂದ ಕದಲುವುದಿಲ್ಲ.

ನಮ್ಮದು ಹಳೆಯ ಮನೆಯಾದ್ದರಿಂದ ಆ ಕೋಣೆಗೆ ಎರಡು ಕದಗಳ ಬಾಗಿಲಿದೆ; ಚಿಲಕ ಒಳಗಡೆ ಮಾತ್ರ ಇದೆ. ಹೊರಗಿನಿಂದ ಎಳೆದುಕೊಂಡರೆ ಅವನು ತಲೆಯಿಂದ ನೂಕಿ ಒಳಗೆ ಹೋಗುತ್ತಾನೆ. ದೇವರ ಮನೆಗಂತೂ ಬಾಗಿಲೇ ಇಲ್ಲ, ಒಂದು ಪರದೆಯಿದೆ ಅಷ್ಟೆ. ನೈವೇದ್ಯಕ್ಕಿಟ್ಟ ಹಾಲನ್ನು ಎರಡು ಬಾರಿ ಕುಡಿದಿದ್ದಾನೆ. ಎಂಬತ್ತು ದಾಟಿದ ನಮ್ಮ ಅಜ್ಜಿ, ಎಳೆಗೂಸಿನ ಎದೆಯ ಮೇಲೆ ಬೆಕ್ಕು ಕುಳಿತು ಉಸಿರು ಹೀರುತ್ತದೆಂದು ಹೇಳಿ, ಅವನನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆಯ ಮಾರುಕಟ್ಟೆಯ ಹತ್ತಿರ ಬಿಟ್ಟುಬನ್ನಿ ಎನ್ನುತ್ತಿದ್ದಾರೆ. ಅಜ್ಜಿಯ ಮಾತನ್ನು ಮೀರುವುದು ಕಷ್ಟ, ಸಿದ್ದನನ್ನು ಬಿಟ್ಟುಬರುವುದು ಅದಕ್ಕಿಂತ ಕಷ್ಟ. ಈ ಎರಡು ಕೋಣೆಗಳಿಗೆ ಮಾತ್ರ ಅವನು ಹೋಗದಂತೆ ಮಾಡಿ, ಉಳಿದ ಮನೆಯಲ್ಲಿ ಅವನನ್ನು ಮೊದಲಿನಂತೆಯೇ ಇರಿಸಿಕೊಳ್ಳಲು ಸಾಧ್ಯವೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ತೊಲೆಯ ಮೇಲಿನ ಬೆಕ್ಕು (ತೀರ್ಥಹಳ್ಳಿ)

ಮೊದಲನೆಯದಾಗಿ, ಗೋಣಿಚೀಲದ ಮಾತನ್ನು ಬಿಟ್ಟುಬಿಡಿ. ಹಾಗೆ ಬಿಟ್ಟ ಬೆಕ್ಕುಗಳಲ್ಲಿ ಕೆಲವು ಮೈಲಿಗಟ್ಟಲೆ ನಡೆದು ವಾಪಸು ಬಂದದ್ದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರೆ. ಬಾರದವುಗಳ ಗತಿ ಏನಾಯಿತೆಂದು ಮಾತ್ರ ಯಾರೂ ನೋಡಲು ಹೋಗುವುದಿಲ್ಲ.

ನಿಮಗೆ ಬಾಗಿಲಾದರೂ ಇದೆ. ನಮ್ಮದು ಹಂಚಿನ ಮನೆ. ಕೋಣೆಗಳ ನಡುವಿನ ಗೋಡೆಗಳು ಮಾಡಿನವರೆಗೆ ಏರದೆ ಅರ್ಧಕ್ಕೇ ನಿಲ್ಲುವುದರಿಂದ, ಬಾಗಿಲಿಗೆ ಎಂತಹ ಬೀಗ ಜಡಿದರೂ ಬೆಕ್ಕು ತೊಲೆಯ ಮೇಲೆ ನಡೆದು ಬೇಕಾದ ಕೋಣೆಗೆ ಇಳಿಯುತ್ತದೆ. ಉಗ್ರಾಣದ ಕೋಣೆಗೆ ಮರದ ಮುಚ್ಚಿಗೆ ಹಾಕಿಸಿದ ಮೇಲೆಯೇ ನಮಗೆ ನೆಮ್ಮದಿ ಸಿಕ್ಕಿತು. ನನ್ನ ಅಜ್ಜಿಯ ಕಾಲದಲ್ಲಿ ಕೋಣೆಯಿಂದ ಬೆಕ್ಕನ್ನು ಹೊರಗಿಡುವ ಯೋಚನೆಯೇ ಇರಲಿಲ್ಲ; ಬೆಕ್ಕಿಗೆ ಬೇಕಾದ ವಸ್ತುವನ್ನು ಅದಕ್ಕೆ ಎಟುಕದಂತೆ ಇಡುತ್ತಿದ್ದರು. ಹಾಲು, ಬೆಣ್ಣೆ, ತುಪ್ಪ ಎಲ್ಲವೂ ಅಡುಗೆಮನೆಯ ನಡುವೆ ನೆಲುವಿನಲ್ಲಿ ತೂಗುತ್ತಿದ್ದವು. ನೆಲುವನ್ನು ಗೋಡೆಯಿಂದಲೂ ತೊಲೆಯ ಕೂಡುವಿಕೆಯಿಂದಲೂ ಎಷ್ಟು ದೂರ ಕಟ್ಟಬೇಕೆಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಹೀಗಾಗಿ ನಾನು ಕೇಳುವ ಪ್ರಶ್ನೆ ಇಷ್ಟೇ: ನಿಮ್ಮ ಸಿದ್ದನಿಗೆ ಆ ಕೋಣೆ ಬೇಕೋ, ಬೀರುವಿನ ಮೇಲಿನ ಬಿಸಿಲು ಬೇಕೋ? ಎರಡನೆಯದಾದರೆ ಅದೇ ಎತ್ತರ, ಅದೇ ಬಿಸಿಲು ಸಿಗುವ ಬೇರೆ ಜಾಗವನ್ನು ಅವನಿಗೆ ಮೊದಲು ಮಾಡಿಕೊಡಿ, ಆಮೇಲೆ ಬಾಗಿಲು ಮುಚ್ಚಿ. ಮುಚ್ಚಿದ ಬಾಗಿಲಿನ ಎದುರು ಬೇರೆ ಗತಿಯಿಲ್ಲದೆ ಕುಳಿತ ಬೆಕ್ಕು ಎಷ್ಟು ಹಟ ಮಾಡಬಲ್ಲದು ಎಂಬುದನ್ನು ನೀವು ಕಾಣದಿರುವುದೇ ಒಳ್ಳೆಯದು.

ನಿವೃತ್ತ ಪಶುವೈದ್ಯ (ಧಾರವಾಡ)

ಪ್ರಶ್ನೆ ಕೇಳಿದ ತಂಗಿಗೆ ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ಹೇಳಬೇಕಾಗಿದೆ.

ಬೆಕ್ಕು ಕೂಸಿನ ಉಸಿರು ಹೀರುತ್ತದೆ ಎಂಬುದು ನಿಜವಲ್ಲ. ಆದರೆ ಅಜ್ಜಿಯ ಎಚ್ಚರಿಕೆಯನ್ನು ಪೂರ್ತಿ ತಳ್ಳಿಹಾಕುವುದೂ ಬೇಡ. ಬೆಕ್ಕಿಗೆ ಬೆಚ್ಚಗಿನ, ಮೆತ್ತಗಿನ ಜಾಗವೆಂದರೆ ಪ್ರಾಣ, ಮಲಗಿದ ಕೂಸಿನ ಮಗ್ಗುಲು ಅಂತಹದೇ ಜಾಗ. ತಾನಾಗಿ ಕತ್ತು ಹೊರಳಿಸಲಾರದ ಎಳೆಯ ಮಗುವಿನ ಮುಖದ ಹತ್ತಿರ ಮೂರು ನಾಲ್ಕು ಕಿಲೋ ತೂಕದ ಪ್ರಾಣಿಯೊಂದು ಒರಗಿ ಮಲಗುವುದು ಅಪಾಯವೇ. ಆದುದರಿಂದ ಕೂಸು ಮಲಗುವ ಕೋಣೆಗೆ, ದೊಡ್ಡವರು ಯಾರೂ ಇಲ್ಲದಿರುವಾಗ, ಬೆಕ್ಕು ಹೋಗಲೇಬಾರದು. ಅಜ್ಜಿ ಹೇಳುವ ಕಾರಣ ತಪ್ಪು, ಅವರು ಹೇಳುವ ಎಚ್ಚರಿಕೆ ಸರಿ.

ಎರಡನೆಯದು ಟಾಕ್ಸೊಪ್ಲಾಸ್ಮಾ. ನಿಮ್ಮ ತಂಗಿಗೆ ಯಾರಾದರೂ ಈ ಹೆಸರು ಹೇಳಿ ಹೆದರಿಸಿಯೇ ಇರುತ್ತಾರೆ. ಈ ಪರೋಪಜೀವಿ ಗರ್ಭಿಣಿಗೆ ಹೊಸದಾಗಿ ತಗಲಿದರೆ ಮಗುವಿಗೆ ತೊಂದರೆಯಾಗಬಹುದು ಎಂಬುದು ನಿಜ. ಆದರೆ ಅದು ಬೆಕ್ಕಿನ ಮೈ ಸವರಿದ ಮಾತ್ರಕ್ಕೆ ಬರುವುದಿಲ್ಲ, ಮಲದ ಮೂಲಕ ಬರುತ್ತದೆ. ಅದರಲ್ಲಿಯೂ ಮಲ ಹೊರಬಿದ್ದ ಮೇಲೆ ಅದರಲ್ಲಿನ ಸೂಕ್ಷ್ಮ ತತ್ತಿಗಳು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನಗಳು ಬೇಕು. ಮರಳಿನ ತಟ್ಟೆಯನ್ನು ಪ್ರತಿದಿನವೂ ತಪ್ಪದೆ ಸ್ವಚ್ಛ ಮಾಡಿದರೆ, ಆ ಕೆಲಸವನ್ನು ಗರ್ಭಿಣಿಯ ಬದಲು ಮನೆಯ ಬೇರೆಯವರು ಮಾಡಿದರೆ, ಬಹುಪಾಲು ಚಿಂತೆ ಕಳೆಯಿತು. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ತರಕಾರಿ, ಕೈತೋಟದ ಮಣ್ಣು ಇವುಗಳಿಂದಲೂ ಅದೇ ಸೋಂಕು ಬರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮೂರನೆಯದು, ಬೆಕ್ಕನ್ನು ಹೊರಗಿಡಲೆಂದು ಹೊಸ್ತಿಲಿಗೆ ಏನೇನೋ ಸುರಿಯುವ ಅಭ್ಯಾಸ. ಕರಿ ಫಿನಾಯಿಲ್, ನುಸಿಗುಳಿಗೆ, ಕರ್ಪೂರದ ಎಣ್ಣೆ, ಟೀ ಟ್ರೀ ಎಣ್ಣೆ ಇವು ಯಾವುವೂ ಬೇಡ. ಬೆಕ್ಕಿನ ಯಕೃತ್ತಿಗೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬಹಳ ಕಡಿಮೆ. ನಾಯಿಯಾದರೆ ನೆಲದಲ್ಲಿದ್ದದ್ದು ಕಾಲಿಗೆ ಹತ್ತಿಯಿತು ಎಂದು ಸುಮ್ಮನಿರಬಹುದು. ಬೆಕ್ಕು ಅದೇ ಪಾದವನ್ನು ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ, ವಿಷ ನೇರವಾಗಿ ಹೊಟ್ಟೆಗೆ ಹೋಗುತ್ತದೆ. ನನ್ನ ಸೇವಾವಧಿಯಲ್ಲಿ ಹೀಗೆ ಬಾಯಲ್ಲಿ ಹುಣ್ಣಾಗಿ ಜೊಲ್ಲು ಸುರಿಸುತ್ತ ಬಂದ ಬೆಕ್ಕುಗಳನ್ನು ನೋಡಿದ್ದೇನೆ. ನಾಯಿಯ ಮೈಗೆ ಹತ್ತಿದ ಉಣ್ಣಿ ಹೋಗಲೆಂದು ಹಾಕುವ ಪರ್ಮೆಥ್ರಿನ್ ಔಷಧಿಯನ್ನಂತೂ ಬೆಕ್ಕಿರುವ ಮನೆಯಲ್ಲಿ ಅತ್ಯಂತ ಎಚ್ಚರದಿಂದ ಬಳಸಬೇಕು.

ಅಗ್ರಹಾರ (ಶ್ರೀರಂಗಪಟ್ಟಣ)

ಬಾಣಂತಿ ಕೋಣೆಯ ವಿಷಯದಲ್ಲಿ ಡಾಕ್ಟರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ದೇವರ ಮನೆಯ ಮಾತು ಬಂದಾಗ, ಇದು ಸುರಕ್ಷತೆಯ ಪ್ರಶ್ನೆಯಲ್ಲ, ಮಡಿಯ ಪ್ರಶ್ನೆ ಎಂಬುದನ್ನು ನಾವು ಮರೆಯಬಾರದು. ನೈವೇದ್ಯವನ್ನು ಎಂಜಲು ಮಾಡುವ ಪ್ರಾಣಿಗೆ ದೇವರ ಮನೆಯಲ್ಲಿ ಪ್ರವೇಶ ಕೊಡುವುದು ಸರಿಯಲ್ಲ, ಅದನ್ನು ಹಿರಿಯರು ಹೇಳಿದಾಗ ಮೂಢನಂಬಿಕೆ ಎಂದು ಬದಿಗೊತ್ತುವುದೂ ಸರಿಯಲ್ಲ.

ಬೇವಿನಕಟ್ಟೆ (ಮದ್ದೂರು)

ಅಗ್ರಹಾರದವರಿಗೆ ವಿನಯದಿಂದ ಒಂದು ಮಾತು. ನಮ್ಮ ತಾಲ್ಲೂಕಿನ ಬೆಕ್ಕಳಲೆ ಗ್ರಾಮದಲ್ಲಿ ಬೆಕ್ಕನ್ನೇ ಮಂಗಮ್ಮ ದೇವಿಯೆಂದು ಪೂಜಿಸುತ್ತಾರೆ. ಊರಿನ ಹೆಸರಿನಲ್ಲಿಯೇ ಬೆಕ್ಕಿದೆ. ಮಕ್ಕಳನ್ನು ಕಾಯುವ ಷಷ್ಠೀದೇವಿಯ ವಾಹನವೂ ಬೆಕ್ಕೇ ಅಲ್ಲವೇ? ಹೀಗಿರುವಾಗ ಬೆಕ್ಕು ಬಂದ ಮಾತ್ರಕ್ಕೆ ಮೈಲಿಗೆ ಎನ್ನುವುದು ಎಲ್ಲರ ಮನೆಯ ಸಂಪ್ರದಾಯವಲ್ಲ.

ಅಗ್ರಹಾರ (ಶ್ರೀರಂಗಪಟ್ಟಣ)

ಷಷ್ಠೀದೇವಿಯ ವಿಷಯ ನನಗೂ ತಿಳಿದಿದೆ. ಶ್ರೀವೈಷ್ಣವರಲ್ಲಿ ತೆಂಕಲೆಯವರು ಶರಣಾಗತಿಗೆ ಮಾರ್ಜಾಲ ಕಿಶೋರ ನ್ಯಾಯವನ್ನೇ ಉದಾಹರಿಸುತ್ತಾರೆ. ತಾಯಿಬೆಕ್ಕು ಮರಿಯನ್ನು ಕಚ್ಚಿ ಒಯ್ಯುವಂತೆ ಭಗವಂತನೇ ಜೀವನನ್ನು ಎತ್ತಿಕೊಳ್ಳುತ್ತಾನೆ ಎಂದು. ಆದರೆ ದೃಷ್ಟಾಂತದ ಬೆಕ್ಕು ಹಾಲಿನ ಬಟ್ಟಲಿಗೆ ಬಾಯಿ ಹಾಕುವುದಿಲ್ಲವಲ್ಲ. ನನ್ನ ಅಭಿಪ್ರಾಯ ಬದಲಾಗಿಲ್ಲ.

ನಿವೃತ್ತ ಪಶುವೈದ್ಯ (ಧಾರವಾಡ)

ಮಡಿಯ ವಿಷಯವನ್ನು ನಿಮ್ಮಿಬ್ಬರಿಗೇ ಬಿಡುತ್ತೇನೆ. ಆದರೆ ಬೆಕ್ಕಿನ ಆರೋಗ್ಯದ ದೃಷ್ಟಿಯಿಂದಲೇ ನೋಡಿದರೂ ದೇವರ ಮನೆ ಅದಕ್ಕೆ ತಕ್ಕ ಜಾಗವಲ್ಲ. ಅಲ್ಲಿ ಉರಿಯುವ ದೀಪವಿದೆ, ಪಕ್ಕದಲ್ಲಿ ಬಾಲ ಆಡಿಸುವ ಪ್ರಾಣಿಯಿದೆ. ಬೆಂಕಿ ಹತ್ತಲು ಇನ್ನೇನು ಬೇಕು? ತುಪ್ಪದಲ್ಲಿ ನೆನೆದ ಹತ್ತಿಯ ಬತ್ತಿಯನ್ನು ಬೆಕ್ಕು ನೆಕ್ಕುತ್ತ ನೆಕ್ಕುತ್ತ ನುಂಗಿಬಿಡುವುದುಂಟು. ಕರ್ಪೂರ ವಿಷ. ಪೂಜೆಗೆ ತರುವ ಹೂಗಳಲ್ಲಿ ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸುವಂತಹವು. ಹೂಗುಚ್ಛಗಳಲ್ಲಿ ಬರುವ ನಿಜವಾದ ಲಿಲ್ಲಿ ಹೂವಂತೂ ಬೆಕ್ಕಿನ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ, ಅದರ ಪರಾಗ ಮೈಮೇಲೆ ಬಿದ್ದದ್ದನ್ನು ನೆಕ್ಕಿದರೂ ಸಾಕು. ಆದ್ದರಿಂದ ಪರದೆಯ ಬದಲು ಬಾಗಿಲು ಹಾಕಿಸಿ. ಕಾರಣವನ್ನು ಅಜ್ಜಿಗೆ ಒಂದು ರೀತಿ, ಮಕ್ಕಳಿಗೆ ಒಂದು ರೀತಿ ಹೇಳಬಹುದು.

ಸೂಜಿದಾರ (ದಾವಣಗೆರೆ)

ನಾನು ಮನೆಯಲ್ಲಿಯೇ ಬ್ಲೌಸ್ ಹೊಲಿಯುವವಳು. ಡಾಕ್ಟರು ಬತ್ತಿಯ ವಿಷಯ ಹೇಳಿದ್ದರಿಂದ ಇದನ್ನು ಬರೆಯಲೇಬೇಕೆನಿಸಿತು. ಹೊಲಿಗೆಯ ಕೋಣೆಯ ಬಾಗಿಲನ್ನು ತೆರೆದಿಟ್ಟು ನಾನು ಊಟಕ್ಕೆ ಎದ್ದಿದ್ದ ಹತ್ತು ನಿಮಿಷದಲ್ಲಿ ನಮ್ಮ ಹೆಣ್ಣುಬೆಕ್ಕು ಬಾಬಿನ್ನಿನ ದಾರವನ್ನು ನುಂಗಿತು. ನಮಗದು ತಿಳಿದದ್ದು ಮೂರನೆಯ ದಿನ, ಅದು ತಿಂದದ್ದನ್ನೆಲ್ಲ ಕಕ್ಕತೊಡಗಿದಾಗ. ದಾರದ ಒಂದು ತುದಿ ನಾಲಗೆಯ ಬುಡಕ್ಕೆ ಸುತ್ತಿಕೊಂಡು, ಉಳಿದದ್ದು ಕರುಳಿಗೆ ಇಳಿದಿತ್ತು. ಕರುಳು ಅದನ್ನು ಮುಂದಕ್ಕೆ ದೂಡಲು ಹೋಗಿ ತಾನೇ ಸೀರೆಯ ನೆರಿಗೆಯಂತೆ ಮಡಿಚಿಕೊಂಡಿತ್ತು ಎಂದು ಆಪರೇಷನ್ ಮಾಡಿದವರು ವಿವರಿಸಿದರು. ಬದುಕಿತು, ಪುಣ್ಯ. ಬಾಯಲ್ಲೋ ಹಿಂದುಗಡೆಯೋ ದಾರ ನೇತಾಡುವುದು ಕಂಡರೆ ಎಳೆಯಬಾರದಂತೆ, ಎಳೆದರೆ ಕರುಳೇ ಕತ್ತರಿಸುತ್ತದಂತೆ.

ಅಂದಿನಿಂದ ನಾನು ಕಲಿತದ್ದೆಂದರೆ, ಮುಚ್ಚಬೇಕಾದ ಕೋಣೆಯನ್ನು ಯಾವಾಗಲೂ ಮುಚ್ಚಿಯೇ ಇಡಬೇಕು. ಇವತ್ತು ಬೇಡ, ನಾಳೆ ಪರವಾಗಿಲ್ಲ, ಹಬ್ಬದ ದಿನ ಬಂದರೆ ಬರಲಿ ಎಂಬ ಹೊಯ್ದಾಟವಿದ್ದರೆ ಬೆಕ್ಕು ಬಾಗಿಲನ್ನು ಕೆರೆಯುವುದನ್ನು ಎಂದಿಗೂ ಬಿಡುವುದಿಲ್ಲ. ಹತ್ತು ಸಲ ಕೆರೆದರೆ ಒಂದು ಸಲ ತೆರೆಯುತ್ತದೆ ಎಂಬುದು ಅದಕ್ಕೆ ಗೊತ್ತಾಗಿಬಿಟ್ಟಿರುತ್ತದೆ. ಮೊದಲ ವಾರದಲ್ಲಿ ಕೆರೆತವೂ ಕೂಗೂ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ; ಆಗ ಕನಿಕರಪಟ್ಟು ತೆರೆದರೆ ಮುಗಿಯಿತು.

ಹಿಪ್ಪುನೇರಳೆ (ಶಿಡ್ಲಘಟ್ಟ)

ನಮ್ಮದು ರೇಷ್ಮೆ ಬೆಳೆಯುವ ಮನೆ. ಬೆಕ್ಕಿಲ್ಲದಿದ್ದರೆ ಇಲಿಗಳು ಹುಳುವನ್ನೂ ಗೂಡನ್ನೂ ಉಳಿಸುವುದಿಲ್ಲ. ಬೆಕ್ಕು ಹುಳುಮನೆಯ ಒಳಗೆ ಬಂದರೆ ತಟ್ಟೆಗಳ ಮೇಲೆ ಹಾರಿ ನಮ್ಮ ಬೆಳೆಯನ್ನೇ ಹಾಳುಮಾಡುತ್ತದೆ, ರೋಗದ ಕೊಳೆಯನ್ನೂ ಕಾಲಿನಲ್ಲಿ ತರುತ್ತದೆ. ಅದಕ್ಕೆ ಬೆಕ್ಕು ಬೇಕು, ಆದರೆ ಒಳಗೆ ಬೇಡ. ನಾಲ್ಕನೆಯ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದು ಹುಳುಗಳು ಮಳೆ ಸುರಿದಂತೆ ಸದ್ದು ಮಾಡಿ ಸೊಪ್ಪು ತಿನ್ನುವ ಆ ಒಂದು ವಾರದಲ್ಲಿ, ದಿನಕ್ಕೆ ಹತ್ತಾರು ಸಲ ಸೊಪ್ಪಿನ ಹೊರೆ ಹೊತ್ತು ಒಳಗೆ ಹೊರಗೆ ಓಡಾಡುವವರು ಬೆಕ್ಕನ್ನು ಕಾಯುತ್ತ ಕುಳಿತುಕೊಳ್ಳಲು ಆಗುವುದಿಲ್ಲ.

ನಾವು ಮಾಡಿರುವ ಏರ್ಪಾಡು ನಿಮಗೂ ಆಗಬಹುದು. ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣ ಬಾರದಿರಲೆಂದು ಹುಳುಮನೆಗೆ ಜಾಲರಿ ಹಾಕಿ, ಬಾಗಿಲಿನ ಮುಂದೆ ಒಂದು ಚಿಕ್ಕ ಕೋಣೆ ಬಿಟ್ಟು ಅದಕ್ಕೊಂದು ಬಾಗಿಲು ಹಾಕುತ್ತೇವೆ. ಹೊರಗಿನ ಬಾಗಿಲು ಮುಚ್ಚಿದ ಮೇಲೆಯೇ ಒಳಗಿನದನ್ನು ತೆರೆಯುವುದು. ನೊಣವನ್ನೇ ತಡೆಯುವ ಏರ್ಪಾಡಿಗೆ ಬೆಕ್ಕು ಯಾವ ಲೆಕ್ಕ? ಮನೆಯೊಳಗೆ ಚಿಕ್ಕ ಕೋಣೆ ಕಟ್ಟಲಾಗದಿದ್ದರೂ ಹಳೆಯ ಎರಡು ಕದದ ಬಾಗಿಲನ್ನು ಹಾಗೆಯೇ ಇಟ್ಟುಕೊಂಡು, ಅದರ ಹೊರಚೌಕಟ್ಟಿಗೆ ಜಾಲರಿಯ ಬಾಗಿಲೊಂದನ್ನು ಸ್ಪ್ರಿಂಗ್ ಹಾಕಿ ಕೂಡಿಸಿದರೆ ಸಾಕು. ಬಟ್ಟಲು ಹಿಡಿದು ಬರುವವರು ಬಾಗಿಲು ಹಾಕಲು ಮರೆತರೂ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಬಾಣಂತಿಗೆ ಗಾಳಿಯೂ ಬರುತ್ತದೆ, ಸೊಳ್ಳೆಯೂ ಬರುವುದಿಲ್ಲ. ಒಂದೇ ಮಾತು: ಸ್ಟೀಲಿನ ಜಾಲರಿಯನ್ನೇ ಹಾಕಿಸಿ. ಕಿಟಕಿಗೆ ಹಾಕುವ ಮೆತ್ತನೆಯ ಫೈಬರ್ ಜಾಲರಿಯನ್ನು ಬೆಕ್ಕು ಉಗುರಿನಿಂದ ಹರಿದು ಹಾಕುತ್ತದೆ. ಕೆಳಗಿನ ಒಂದೂವರೆ ಅಡಿ ಹಲಗೆಯನ್ನೇ ಹಾಕಿಸಿದರೆ ಇನ್ನೂ ಒಳ್ಳೆಯದು.

ಮ್ಯೂನಿಕ್ ಕನ್ನಡಿಗ

ಇಲ್ಲಿನ ಮನೆಗಳಲ್ಲಿ ಬಾಗಿಲುಗಳಿಗೆ ಅಡ್ಡ ಹಿಡಿಕೆಗಳಿರುತ್ತವೆ. ನಮ್ಮ ಬೆಕ್ಕು ಹಾರಿ ಅದಕ್ಕೆ ಜೋತುಬಿದ್ದು ಬಾಗಿಲು ತೆರೆಯುವುದನ್ನು ಎರಡೇ ದಿನದಲ್ಲಿ ಕಲಿತುಕೊಂಡಿತು. ದುಂಡನೆಯ ಹಿಡಿಕೆ ಹಾಕಿಸಿದ ಮೇಲೆ ಆ ಆಟ ನಿಂತಿತು. ಈಗ ನಮ್ಮ ಊರುಗಳ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿಯೂ ಅಡ್ಡ ಹಿಡಿಕೆಗಳೇ ಇರುವುದರಿಂದ ಇದನ್ನು ಹೇಳಿದೆ. ಇನ್ನೊಂದು ಅಪಾಯವೆಂದರೆ ಇಲ್ಲಿ ಕಿಟಕಿಯನ್ನು ಮೇಲ್ಗಡೆ ಮಾತ್ರ ಒಳಕ್ಕೆ ವಾಲಿಸಿ ತೆರೆಯುತ್ತಾರೆ; ಒಂಟಿಯಾಗಿ ಕೋಣೆಯಲ್ಲಿ ಸಿಕ್ಕಿಬಿದ್ದ ಬೆಕ್ಕು ಆ ಸಂದಿಯಿಂದ ಹೊರಬರಲು ಹೋಗಿ, ಕೆಳಗೆ ಜಾರಿ, ಸೊಂಟದ ಹತ್ತಿರ ಸಿಕ್ಕಿಕೊಂಡು ಸಾಯುವುದುಂಟು. ಬೆಕ್ಕನ್ನು ಹೊರಗೆ ಹಾಕುವಷ್ಟೇ, ಒಳಗೆ ಕೂಡಿಹಾಕದಿರುವುದೂ ಮುಖ್ಯ. ಬಾಗಿಲು ಮುಚ್ಚುವ ಮೊದಲು ಮಂಚದ ಕೆಳಗೆ ಬಗ್ಗಿ ನೋಡಿ.

ನನ್ನ ಹೆಂಡತಿಗೆ ಬೆಕ್ಕಿನ ಅಲರ್ಜಿ ಇರುವುದರಿಂದ ನಾವು ಮಲಗುವ ಕೋಣೆಯನ್ನು ಪೂರ್ತಿಯಾಗಿ ಮುಚ್ಚಿದ್ದೇವೆ. ಅಲರ್ಜಿಗೆ ಕೂದಲು ಕಾರಣವಲ್ಲ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಗ್ರಂಥಿಗಳಿಂದ ಬರುವ ಫೆಲ್ ಡಿ 1 ಎಂಬ ಪ್ರೋಟೀನು ಮುಖ್ಯ ಕಾರಣ. ಅದು ಎಷ್ಟು ಹಗುರವೆಂದರೆ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ನಮ್ಮ ಬಟ್ಟೆಗೆ ಅಂಟಿಕೊಂಡು ಮುಚ್ಚಿದ ಕೋಣೆಗೂ ಬರುತ್ತದೆ. ಹೀಗಾಗಿ ಬಾಗಿಲು ಮುಚ್ಚಿದ್ದರಿಂದ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಜಗಲಿಕಟ್ಟೆ (ಮೈಸೂರು)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಾಳೆಯೇ ಬಡಗಿಯನ್ನು ಕರೆಸುತ್ತೇನೆ. ಅಗ್ರಹಾರದವರು ಬೇಸರಿಸಬಾರದು, ದೇವರ ಮನೆಗೆ ಬಾಗಿಲು ಹಾಕಿಸುತ್ತಿದ್ದೇನೆಂದು ಕೇಳಿ ಅಜ್ಜಿಗೆ ಅರ್ಧ ಸಮಾಧಾನವಾಗಿದೆ. ಒಂದು ಅನುಮಾನ ಉಳಿದಿದೆ. ಕೋಣೆ ಮುಚ್ಚಿದ ಸಿಟ್ಟಿಗೆ ಬೆಕ್ಕುಗಳು ಹಾಸಿಗೆಯ ಮೇಲೆ ಉಚ್ಚೆ ಹೊಯ್ದು ಸೇಡು ತೀರಿಸಿಕೊಳ್ಳುತ್ತವೆ ಎನ್ನುತ್ತಾರಲ್ಲ, ಅದು ನಿಜವೇ?

ನಿವೃತ್ತ ಪಶುವೈದ್ಯ (ಧಾರವಾಡ)

ಸೇಡು ಅಲ್ಲ ತಂಗಿ, ದಿಗಿಲು. ತನ್ನ ಜಾಗ ಕೈತಪ್ಪಿದಾಗ ತನ್ನ ವಾಸನೆಯನ್ನು ಹರಡಿ ಧೈರ್ಯ ತಂದುಕೊಳ್ಳುತ್ತದೆ. ಆದ್ದರಿಂದಲೇ ಇನ್ನೂ ಐದು ವಾರ ಇರುವಾಗಲೇ ಕೆಲಸ ಶುರುಮಾಡಿ. ಕೂಸು ಬಂದ ದಿನವೇ ಬಾಗಿಲು ಮುಚ್ಚಿದರೆ ಎರಡು ಬದಲಾವಣೆಗಳು ಒಟ್ಟಿಗೆ ತಲೆಯ ಮೇಲೆ ಬೀಳುತ್ತವೆ. ಹೊಯ್ದ ಜಾಗವನ್ನು ಅಮೋನಿಯಾ ಇರುವ ದ್ರಾವಣದಿಂದ ಒರೆಸಬೇಡಿ, ಅದರ ವಾಸನೆ ಉಚ್ಚೆಯದನ್ನೇ ಹೋಲುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್ಜೈಮ್ ದ್ರಾವಣ ಬಳಸಿ. ಬಯ್ಯುವುದು, ಹೊಡೆಯುವುದು, ನೀರು ಎರಚುವುದು ದಿಗಿಲನ್ನು ಹೆಚ್ಚಿಸುತ್ತವೆ. ಆದರೆ ಗಂಡುಬೆಕ್ಕು ಪದೇ ಪದೇ ಕುಳಿತು ತಿಣುಕಿದರೂ ಉಚ್ಚೆ ಬಾರದಿದ್ದರೆ ಅದು ಮನಸ್ಸಿನ ವಿಷಯವಲ್ಲ, ಮೂತ್ರನಾಳ ಕಟ್ಟಿರಬಹುದು. ಮರುದಿನಕ್ಕೆ ಮುಂದೂಡದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಜಗಲಿಕಟ್ಟೆ (ಮೈಸೂರು), ಆರು ವಾರಗಳ ಬಳಿಕ

ತಂಗಿ ಬಂದು ಎಂಟು ದಿನಗಳಾದವು. ಜಾಲರಿಯ ಬಾಗಿಲು ಕೂತಿದೆ. ದೇವರ ಮನೆಗೆ ಚಿಕ್ಕ ತೇಗದ ಬಾಗಿಲು, ಮೇಲ್ಗಡೆ ಚಿಲಕ. ಪಡಸಾಲೆಯ ಪೂರ್ವದ ಕಿಟಕಿಯ ಪಕ್ಕದಲ್ಲಿ ಐದಡಿ ಎತ್ತರಕ್ಕೆ ಅಗಲವಾದ ಹಲಗೆಯೊಂದನ್ನು ಹೊಡೆಸಿ, ಬೀರುವಿನ ಮೇಲೆ ಅವನು ಮಲಗುತ್ತಿದ್ದ ಅದೇ ಹಳೆಯ ಕಂಬಳಿಯನ್ನು ತೊಳೆಯದೆ ಹಾಸಿದೆವು. ಮೊದಲ ನಾಲ್ಕು ದಿನ ಮೂಸಿಯೂ ನೋಡಲಿಲ್ಲ. ಜಾಲರಿಯನ್ನು ಕೆರೆದ, ರಾತ್ರಿಯೆಲ್ಲ ಕೂಗಿದ, ನಮ್ಮಣ್ಣ ಎರಡು ಸಲ ತೆರೆಯಲು ಹೋದವರನ್ನು ನಾನು ತಡೆದೆ. ಹತ್ತನೆಯ ದಿನದಿಂದ ಹಲಗೆಯೇ ಅವನ ಸಿಂಹಾಸನ. ಹಾಲಿನ ತಟ್ಟೆಯನ್ನು ಅಡುಗೆಮನೆಯ ನೆಲುವಿಗೆ ಏರಿಸಿದ್ದೇವೆ. ತೀರ್ಥಹಳ್ಳಿಯವರು ಹೇಳಿದ ಮೇಲೆ ಅಜ್ಜಿಯೇ ಅಟ್ಟದಿಂದ ಹುಡುಕಿ ತೆಗೆಸಿದರು. ಗೋಣಿಚೀಲದ ಮಾತು ಎರಡು ವಾರದಿಂದ ಬಂದಿಲ್ಲ.

ತೊಂದರೆ ಒಂದೇ. ಬೆಳಗಿನ ಜಾವ ನಾಲ್ಕೂವರೆಗೆ ಜಾಲರಿಯ ಎದುರು ಕುಳಿತು ಕೂಗುತ್ತಾನೆ. ತಂಗಿಗೆ ನಿದ್ದೆಯೇ ಇಲ್ಲ. ಏನು ಮಾಡಲಿ?

ನಿವೃತ್ತ ಪಶುವೈದ್ಯ (ಧಾರವಾಡ)

ಬೆಕ್ಕು ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಚುರುಕಾಗುವ ಪ್ರಾಣಿ, ಅದು ಅದರ ಸ್ವಭಾವ. ಸಂಜೆಯ ಊಟವನ್ನು ರಾತ್ರಿ ಹತ್ತಕ್ಕೆ ಮುಂದೂಡಿ. ಅದಕ್ಕೆ ಮೊದಲು ಕಾಲು ಗಂಟೆ ಕಡ್ಡಿಗೆ ಬಟ್ಟೆಯ ತುಂಡು ಕಟ್ಟಿ ಚೆನ್ನಾಗಿ ಓಡಾಡಿಸಿ, ಆಟ ಮುಗಿದ ಮೇಲೆ ಆ ಕಡ್ಡಿಯನ್ನು ಪೆಟ್ಟಿಗೆಯೊಳಗೆ ಎತ್ತಿಡಿ. ದಾವಣಗೆರೆಯವರು ಬರೆದದ್ದು ನೆನಪಿರಲಿ. ನಾಲ್ಕೂವರೆಗೆ ಕೂಗಿದಾಗ ಎದ್ದು ಹೋಗಿ ಊಟ ಹಾಕುವವರು ನಿಮ್ಮ ಮನೆಯಲ್ಲಿ ಯಾರೋ ಇದ್ದಾರೆ, ಅವರು ಯಾರೆಂದು ವಿಚಾರಿಸಿ.

ಜಗಲಿಕಟ್ಟೆ (ಮೈಸೂರು)

ವಿಚಾರಿಸಿದೆ. ಅಜ್ಜಿ. ಕೂಗಿದರೆ ಬಾಣಂತಿಯಾಗುವವಳಿಗೆ ಎಚ್ಚರವಾಗುತ್ತದೆಂದು ತಾವೇ ಎದ್ದು ಒಂದು ಬಟ್ಟಲು ಹಾಲು ಹಾಕುತ್ತಿದ್ದರಂತೆ.

ನಿವೃತ್ತ ಪಶುವೈದ್ಯ (ಧಾರವಾಡ)

ಹಾಲನ್ನು ನಿಲ್ಲಿಸಿ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗುವುದಿಲ್ಲ. ಅಜ್ಜಿಗೆ ಕೊಡಲೇಬೇಕೆಂದಿದ್ದರೆ ಬೆಳಿಗ್ಗೆ ಆರೂವರೆಯ ನಂತರ, ಅವನು ಸುಮ್ಮನಿರುವಾಗ, ಅವನ ಹಲಗೆಯ ಮೇಲೆಯೇ ಅವನ ಊಟವನ್ನು ಇಡಲಿ.